ಪದಗೋಡೆ ಇರುವುದು ಮುಟ್ಟಲಿಕ್ಕೆ

ಶಾಲೆ ಶುರುವಾಯಿತು ಅಂದರೆ ನನಗೆ ಪದಗೋಡೆಯ, ಅಂದರೆ ಮಕ್ಕಳು ಪದ ಕಲಿಯಲಿ ಅಂತ ತರಗತಿಯಲ್ಲಿ ಪದ ಹಾಕಿದ ಗೋಡೆಯ, ಫೋಟೋಗಳು ಬರಲು ಶುರು. ಥರ್ಮಾಕೋಲ್ ಹೂವು, ಮಿನುಗು ಕಾಗದ, ನಡುವೆ ಸಾಲಾಗಿ ಪದಗಳು. ಫೋಟೋದಲ್ಲಿ ಮಕ್ಕಳು ಮಾತ್ರ ಇರುವುದಿಲ್ಲ. ಜೊತೆಗೆ ಪ್ರತಿ ವರ್ಷದ ಅದೇ ಪ್ರಶ್ನೆಗಳು. ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರಿಸುತ್ತೇನೆ.

ದುರ್ಗದ ಬೈಲಿನಲ್ಲಿ ರೆಡಿಮೇಡ್ ಪದಗಳ ಚಾರ್ಟ್ ನೋಡಿದೆ. ಯಾವುದು ತಗೊಳ್ಳಲಿ? (ಪೋಷಕರು, ಹುಬ್ಬಳ್ಳಿ)

ಯಾವುದೂ ಬೇಡ. ಆ ದುಡ್ಡಿನಲ್ಲಿ ಮಗನಿಗೆ ಗಿರ್ಮಿಟ್ ಕೊಡಿಸಿ.

ನಾಲ್ಕನೇ ತರಗತಿಗೆ 100 ಪದಗಳ ಗೋಡೆ ಮಾಡಿದೆ. ಮೊದಮೊದಲು ಮಕ್ಕಳು ಖುಷಿಯಿಂದ ಓದಿದರು. ಈಗ ಅತ್ತ ತಿರುಗಿಯೂ ನೋಡುವುದಿಲ್ಲ. ಏನು ಮಾಡಲಿ? (ಶಿಕ್ಷಕಿ, ಶಿಗ್ಗಾಂವಿ ತಾಲ್ಲೂಕು)

ಅಕ್ಕೋರೆ, ಮಕ್ಕಳದ್ದೇನೂ ತಪ್ಪಿಲ್ಲ. ದಿನಾ ಕಣ್ಣಿಗೆ ಬೀಳುವ, ಯಾವತ್ತೂ ಕೈಗೆ ಸಿಗದ ಗೋಡೆಯನ್ನು ಯಾರು ನೋಡುತ್ತಾರೆ? ಮೊದಲು ಎಲ್ಲ ಪದ ಇಳಿಸಿ. ಹೌದು, ನೂರೂ. ವಾರಕ್ಕೆ 5 ಪದ ಸಾಕು. ಅವನ್ನೂ ನೀವು ಆರಿಸಬೇಡಿ. ಪಾಠ ಓದುವಾಗ ಮಗು ಎಲ್ಲಿ ತಡವರಿಸಿ ನಿಂತಿತೋ, ಗೋಡೆಗೆ ಬರಬೇಕಾದ ಪದ ಅದೇ.

ಸಾಮಾನಿಗೆ ಅಂಗಡಿಗೆ ಹೋಗಬೇಕಿಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಕಾರ್ಡಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ರಟ್ಟು ದಪ್ಪ, ಮಡಚುವುದಿಲ್ಲ. ಮೂರು ಸುತಳಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ ಸಿಗಿಸಿ. ಮೈದಾ ಅಂಟಿನ ಸಹವಾಸ ಬೇಡ. ನಮ್ಮ ಕಡೆ ಮಳೆ ಹಿಡಿದರೆ ಗೋಡೆ ತೇವವಾಗಿ ಕಾಗದ ತಾನಾಗಿ ಕಳಚುತ್ತದೆ, ಜಿರಳೆ ಕಾಟ ಬೇರೆ. ಮೇಲಿನ ಸುತಳಿ ತರಗತಿಯ ಅತಿ ಗಿಡ್ಡ ಮಗುವಿನ ಕೈಗೂ ಎಟುಕಬೇಕು. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಕೋಣೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಕ್ಕಳಿಗೆ ಬರೆಯಲು ಬಿಟ್ಟಿರುತ್ತಾರಲ್ಲ, ಅದೇ ಎತ್ತರ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಆದರೂ ಪದಗಳು ಫ್ಯಾನಿನ ಪಕ್ಕದಲ್ಲೇ ಇರುತ್ತವೆ!

ಈಗ ಆಟ. ಮೇಲಿನ ಸುತಳಿ ಹೊಸ ಪದಕ್ಕೆ. ನಡುವಿನದು ಪರಿಚಯವಾದ ಪದಕ್ಕೆ. ಕೆಳಗಿನದು ‘ನಮ್ಮದೇ’ ಆದ ಪದಕ್ಕೆ. ಮಗು ಗೋಡೆ ನೋಡದೆ, ಸ್ವಂತ ವಾಕ್ಯದಲ್ಲಿ ಪದ ಬಳಸಿದರೆ ಕಾರ್ಡ್ ಒಂದು ಸುತಳಿ ಇಳಿಯುತ್ತದೆ. ಇಳಿಸುವುದು ಮಗುವೇ, ನೀವಲ್ಲ. ವಾಕ್ಯವನ್ನು ಕಾರ್ಡಿನ ಹಿಂದೆ ಅದರ ಕೈಯಲ್ಲೇ ಬರೆಸಿ. ಅಕ್ಷರ ಸೊಟ್ಟಗಿದ್ದರೆ ಇರಲಿ ಬಿಡಿ. ಮರುದಿನ ಕೇಳಿ, ಮೂರು ದಿನ ಬಿಟ್ಟು ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ಮರೆತಿದ್ದರೆ ಕಾರ್ಡ್ ಮೇಲಕ್ಕೆ ವಾಪಸ್. ಬೈಯಬೇಡಿ, ಮರೆಯುವುದು ಸಹಜ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಎಷ್ಟು ಬೇಗ ಸೋರಿಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನೆನಪಿನಿಂದ ಎಳೆದು ತೆಗೆದಷ್ಟೂ ಪದ ಗಟ್ಟಿಯಾಗುತ್ತದೆ. ನೋಡಿಕೊಂಡು ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಅಷ್ಟೇ.

ಇನ್ನೊಂದು, ನನಗೆ ಜಾಸ್ತಿ ಇಷ್ಟವಾದದ್ದು, ದಾರ ಕಟ್ಟುವ ಆಟ. ಮಗು ಎರಡು ಕಾರ್ಡ್‌ಗಳ ನಡುವೆ ಉಲ್ಲನ್ ದಾರ ಕಟ್ಟಬೇಕು, ಯಾಕೆ ಕಟ್ಟಿದೆ ಅಂತ ಹೇಳಬೇಕು. ಕುಂದಗೋಳ ಕಡೆಯ ಒಂದು ಶಾಲೆಯಲ್ಲಿ ‘ಹದ’ ಎಂಬ ಕಾರ್ಡಿಗೆ ಒಬ್ಬ ಹುಡುಗ ‘ಬಿತ್ತನೆ’ಯಿಂದ ದಾರ ತಂದ. ಮಳೆ ಬಿದ್ದು ಹೊಲ ಹದಕ್ಕೆ ಬಂದ ಮೇಲೆ ಕೂರಿಗೆ ಹೂಡುತ್ತಾರೆ ಅಂದ. ಸರಿ. ಹಿಂದೆಯೇ ಒಬ್ಬಳು ಎದ್ದು ‘ರೊಟ್ಟಿ’ಯಿಂದ ಅದೇ ಕಾರ್ಡಿಗೆ ದಾರ ಎಳೆದಳು. ಮಾಸ್ತರು ‘ಅದ್ಹೆಂಗ?’ ಅಂದರು. ‘ಹಿಟ್ಟು ಹದ ಇಲ್ಲಂದ್ರ ಬಡಿಯೂ ಮುಂದ ಹರೀತೈತ್ರೀ’ ಅಂದಳು. ಅಲ್ಲಿಗೆ ಮಾಸ್ತರಿಗೆ ಕೆಲಸವೇ ಉಳಿಯಲಿಲ್ಲ. ಬೆಲ್ಲದ ಪಾಕ, ಕೆಮ್ಮಣ್ಣು, ಏನೇನೋ ಬಂತು. ದಾರ ಸಿಕ್ಕುಸಿಕ್ಕಾಗಿ ಗೋಡೆ ನೋಡಲು ಚೆಂದ ಉಳಿಯುವುದಿಲ್ಲ. ಉಳಿಯಬೇಕಾಗಿಯೂ ಇಲ್ಲ.

ಮನೆಯ ಮಾತನ್ನು ಗೋಡೆಯಿಂದ ಓಡಿಸಬೇಡಿ. ಪುಸ್ತಕದಲ್ಲಿ ಈರುಳ್ಳಿ ಇದ್ದರೆ ಅದೇ ಕಾರ್ಡಿನಲ್ಲಿ ಉಳ್ಳಾಗಡ್ಡಿಯೂ ಇರಲಿ. ‘ಶುದ್ಧ ಭಾಷೆ’ ಅಂತ ಮಗುವಿನ ಬಾಯಿ ಮುಚ್ಚಿಸಿದವರ ತರಗತಿಯಲ್ಲಿ ಯಾವ ಗೋಡೆಯೂ ಮಾತಾಡುವುದಿಲ್ಲ.

ಕೆಳಗಿನ ಸುತಳಿ ತುಂಬಿದರೆ ಹಳೆಯ ಕಾರ್ಡ್‌ಗಳನ್ನು ಚಪ್ಪಲಿ ಡಬ್ಬಿಗೆ ಹಾಕಿಡಿ. ಶನಿವಾರ ಬೆಳಗಿನ ಶಾಲೆಯಲ್ಲಿ ಕೈಹಾಕಿ ಒಂದೊಂದು ತೆಗೆಸಿ. ಒಬ್ಬ ಪದ ಹೇಳದೆ ವರ್ಣಿಸಲಿ, ಉಳಿದವರು ಊಹಿಸಲಿ. ಐದು ನಿಮಿಷದ ಮೇಲೆ ಎಳೆಯಬೇಡಿ.

ಪದಗಳನ್ನು ಅಕಾರಾದಿಯಾಗಿ ಜೋಡಿಸಬೇಕೇ? (ಶಿಕ್ಷಕರು, ಗದಗ)

ನಿಘಂಟಿಗೆ ಬೇಕು, ಗೋಡೆಗೆ ಬೇಡ. ನಿಮ್ಮ ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗ, ಲಾಳಿ, ಹಾಸು, ಹೊಕ್ಕು ಒಟ್ಟಿಗೇ ಇರುತ್ತವೆ ಅಲ್ವಾ? ಸಂಬಂಧವಿರುವ ಪದಗಳು ಗೋಡೆಯ ಮೇಲೂ ಹಾಗೇ ಇರಲಿ.

ನೆನಪಿನ ಶಕ್ತಿಗೆ ಮಿಡ್‌ಬ್ರೈನ್ ಆಕ್ಟಿವೇಶನ್ ಕ್ಲಾಸಿಗೆ ಸೇರಿಸಿದರೆ ಪದಗಳು ಬೇಗ ಬರುತ್ತವಂತೆ. ಹೌದೇ? (ಪೋಷಕರು, ರಾಣೆಬೆನ್ನೂರು)

ಇಲ್ಲ. ಮೆದುಳು ಚುರುಕಾಯಿತು ಅಂತ ತೋರಿಸಲು ಆ ಕ್ಲಾಸುಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವುದು ಮೋಸ. ಮೂಗಿನ ಪಕ್ಕದ ಸಂದಿಯಿಂದ ಮಗು ಇಣುಕುತ್ತದೆ, ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಗು ಸುಳ್ಳು ಹೇಳಲು ಕಲಿಯುತ್ತದೆ. ಫೀ ಕಟ್ಟಿದ್ದರೆ ವಾಪಸ್ ಕೇಳಿ. ನೆನಪಿನ ಪುಡಿ, ಟಾನಿಕ್ ಬಗ್ಗೆ ಕೇಳಿದ ಉಳಿದವರಿಗೂ ಇದೇ ಉತ್ತರ.

ಇಂಗ್ಲಿಷ್ ಪದಗಳನ್ನೂ ಅದೇ ಗೋಡೆಗೆ ಹಾಕಬಹುದೇ? (ಶಿಕ್ಷಕಿ, ನವಲಗುಂದ)

ಹಾಕಿ. ಕಾರ್ಡಿನ ಬಣ್ಣ ಬೇರೆ ಇರಲಿ. ವಾರದ 5ರ ಲೆಕ್ಕ ಎರಡೂ ಭಾಷೆ ಸೇರಿ.

ಇನ್‌ಸ್ಪೆಕ್ಷನ್‌ಗೆ ಬಂದವರು ಗೋಡೆ ಖಾಲಿ ಖಾಲಿ ಇದೆ ಅಂದರು. (ಶಿಕ್ಷಕರು, ಊರು ಬೇಡ ಅಂದಿದ್ದಾರೆ)

ಮುಂದಿನ ಸಲ ಚಪ್ಪಲಿ ಡಬ್ಬಿ ಅವರ ಕೈಗೇ ಕೊಡಿ. ಯಾವುದಾದರೂ ಕಾರ್ಡ್ ತೆಗೆದು, ಯಾವ ಮಗುವನ್ನಾದರೂ ಕೇಳಲಿ.

ಮಗಳಿಗೆ 3 ವರ್ಷ. ಈಗಲೇ ಮನೆಯಲ್ಲಿ ಪದಗೋಡೆ ಶುರು ಮಾಡಲೇ? (ತಾಯಿ, ಧಾರವಾಡ)

ಬೇಡ. ಸುಮ್ನೆ ಮಾತಾಡಿ. ಸಂತೆಗೆ ಕರೆದುಕೊಂಡು ಹೋಗಿ, ಕಾಯಿಪಲ್ಲೆ ಹೆಸರು ಅವಳೇ ಹೇಳಿ ಕೇಳಲಿ. ಅವಳಿಗೆ ಓದಲು ಬಂದ ಮೇಲೆ ನನಗೆ ಮತ್ತೆ ಬರೆಯಿರಿ.