ನಮ್ಮ ಅಭಿಪ್ರಾಯ, ಪರದೇಶದ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಊರಿಗೆ ಟ್ಯಾಬ್ ಹಿಡಿದ ಇಬ್ಬರು ಯುವಕರು ಬಂದಿದ್ದರು. ಕಣದಲ್ಲಿಯೇ ಕುಳಿತು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಅಮೆರಿಕದ ಬಗ್ಗೆ ನಿಮ್ಮ ಅಭಿಪ್ರಾಯವೇನು, ಚೀನಾವನ್ನು ನಂಬಬಹುದೇ, ಪಕ್ಕದ ಮನೆಗೆ ಬೇರೆ ಧರ್ಮದವರು ಬಂದರೆ ಒಪ್ಪುತ್ತೀರಾ, ಚುನಾವಣೆಯ ಗೊಡವೆಯಿಲ್ಲದ ಗಟ್ಟಿ ನಾಯಕನೊಬ್ಬ ಇದ್ದರೆ ಒಳ್ಳೆಯದೇ ಎಂಬಂಥ ಪ್ರಶ್ನೆಗಳು. ಖರ್ಚು ಯಾರದೆಂದು ಕೇಳಿದರೆ ‘ಹೊರದೇಶದ ಸಂಸ್ಥೆಯದು’ ಎಂದಷ್ಟೇ ಹೇಳಿದರು. ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವರು ಇಷ್ಟು ದುಡ್ಡು ಏಕೆ ಸುರಿಯುತ್ತಾರೆ? ಉತ್ತರ ಕೊಟ್ಟು ನಾನು ತಪ್ಪು ಮಾಡಿದೆನೇ?
– ನಿವೃತ್ತ ಶಿಕ್ಷಕರು, ಆಳಂದ ತಾಲ್ಲೂಕು

ಉತ್ತರ: ಗುರುಗಳೇ, ಉತ್ತರ ಕೊಟ್ಟದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ದೇಶದ ಯಾವ ಸಂಸ್ಥೆ ಎಂದು ಕೇಳಿ, ಹೆಸರು ಸಿಕ್ಕ ಮೇಲೆಯೇ ಮೊದಲ ಪ್ರಶ್ನೆಗೆ ಬಾಯಿ ತೆರೆಯುವ ಹಕ್ಕು ತಮಗಿತ್ತು. ಹಣ ಹೊರಗಿನದು ಎಂಬುದು ನನಗೆ ದೊಡ್ಡ ಆಕ್ಷೇಪವಲ್ಲ; ಹಣ ಕೊಟ್ಟವರ ಹೆಸರನ್ನು ನುಂಗಿಕೊಂಡದ್ದು ಆಕ್ಷೇಪ.

ಪರದೇಶದ ಜನರ ಮನಸ್ಸನ್ನು ಅಳೆಯಲು ಹಣ ಹಾಕುವ ಪದ್ಧತಿ ಎರಡನೇ ಮಹಾಯುದ್ಧದ ಬೆನ್ನಿಗೇ ಬೆಳೆಯಿತು. ಸೋತ ಜರ್ಮನಿಯಲ್ಲಿ ತನ್ನ ಪಾಲಿಗೆ ಬಂದಿದ್ದ ಪ್ರದೇಶದ ಜನ ಏನು ಯೋಚಿಸುತ್ತಿದ್ದಾರೆಂದು ತಿಳಿಯಲು ಅಮೆರಿಕದ ಸೇನಾಡಳಿತವು 1945ರಿಂದ 1949ರ ನಡುವೆ 70ಕ್ಕೂ ಹೆಚ್ಚು ಸಮೀಕ್ಷೆಗಳನ್ನು ನಡೆಸಿತು. 1950-51ರ ಸುಮಾರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿ, ಲೆಬನಾನ್, ಈಜಿಪ್ಟ್, ಸಿರಿಯಾ, ಜೋರ್ಡಾನ್ ಮತ್ತು ಇರಾನ್‌ಗಳಲ್ಲಿ ಜನರನ್ನು ಮಾತಾಡಿಸಿದಾಗ ಅದರ ಹಿಂದೆ ಇದ್ದದ್ದು ಅಮೆರಿಕ ಸರ್ಕಾರದ ವಾಯ್ಸ್ ಆಫ್ ಅಮೆರಿಕ ರೇಡಿಯೊ. ತನ್ನ ಪ್ರಸಾರವನ್ನು ಯಾರು ಕೇಳುತ್ತಾರೆ, ಕೇಳಿ ಏನೆಂದುಕೊಳ್ಳುತ್ತಾರೆ ಎಂಬುದು ಅದಕ್ಕೆ ಬೇಕಾಗಿತ್ತು. ಅದೇ ಸಂದರ್ಶನಗಳನ್ನು ಆಧರಿಸಿ ಡೇನಿಯಲ್ ಲರ್ನರ್ 1958ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಸಂವಹನ ಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಚರ್ಚಿಸುತ್ತಾರೆ. ಪ್ರಚಾರಕ್ಕೆಂದು ಬಂದ ಹಣದಲ್ಲಿ ಶಾಸ್ತ್ರವೂ ಹುಟ್ಟಬಹುದು ಎಂಬುದಕ್ಕೆ ಇದನ್ನು ಹೇಳಿದೆ.

ಹಣದ ಮೂಲವನ್ನು ಬಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚಿಲಿ ದೇಶದ ಪ್ರಸಂಗವಿದೆ. 1964ರಲ್ಲಿ ಅಮೆರಿಕದ ಭೂಸೇನೆಯು ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ಅಂಗಸಂಸ್ಥೆಯೊಂದರ ಮೂಲಕ ‘ಪ್ರಾಜೆಕ್ಟ್ ಕ್ಯಾಮೆಲಾಟ್’ ಎಂಬ ಯೋಜನೆಯನ್ನು ಹಮ್ಮಿಕೊಂಡಿತು. ಬಡ ದೇಶಗಳಲ್ಲಿ ಬಂಡಾಯ ಏಕೆ ಹುಟ್ಟುತ್ತದೆ, ಅದನ್ನು ಮುಂಚಿತವಾಗಿ ಗುರುತಿಸಿ ತಡೆಯುವುದು ಹೇಗೆ ಎಂಬುದನ್ನು ಸಮಾಜ ವಿಜ್ಞಾನಿಗಳಿಂದ ಕಂಡುಕೊಳ್ಳುವುದು ಅದರ ಉದ್ದೇಶವಾಗಿತ್ತು. ಚಿಲಿಯ ವಿದ್ವಾಂಸರನ್ನು ಸಂಪರ್ಕಿಸಿದಾಗ ಹಣ ಸೇನೆಯದೆಂಬ ಮಾತನ್ನೇ ಮುಚ್ಚಿಡಲಾಗಿತ್ತು. ಆಹ್ವಾನ ಪಡೆದಿದ್ದ ನಾರ್ವೆಯ ಸಮಾಜ ವಿಜ್ಞಾನಿ ಯೊಹಾನ್ ಗಾಲ್ಟುಂಗ್ ಅದನ್ನು ನಿರಾಕರಿಸಿದರು, ಸಂಗತಿ ಬಯಲಾಯಿತು, ಚಿಲಿಯಲ್ಲಿ ಗದ್ದಲವೆದ್ದಿತು, 1965ರ ಜುಲೈನಲ್ಲಿ ಯೋಜನೆ ರದ್ದಾಯಿತು. ಸೇನೆಯೊಂದಿಗೆ ಯಾವ ಸಂಬಂಧವೂ ಇಲ್ಲದೆ ತಮ್ಮ ಪಾಡಿಗೆ ಪ್ರಶ್ನಾವಳಿ ಹಿಡಿದು ಹೊರಟಿದ್ದ ಸಂಶೋಧಕರನ್ನೂ ಅನಂತರ ಜನ ಅನುಮಾನದಿಂದ ನೋಡುವಂತಾಯಿತು.

ನನಗೆ ಇದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಕ್ಯೂಬಾದ ಸಮೀಕ್ಷೆ. ಅಮೆರಿಕದ ಜನಾಭಿಪ್ರಾಯ ಸಂಶೋಧಕರಾದ ಹ್ಯಾಡ್ಲಿ ಕ್ಯಾಂಟ್ರಿಲ್ ಮತ್ತು ಲಾಯ್ಡ್ ಫ್ರೀ ಕಟ್ಟಿದ್ದ ಸಂಶೋಧನಾ ಸಂಸ್ಥೆಯು 1960ರಲ್ಲಿ ಹವಾನಾ ಮತ್ತು ಇತರ ಪಟ್ಟಣಗಳ ಸುಮಾರು 1000 ಜನರನ್ನು ಮಾತಾಡಿಸಿ, ಬಹುಪಾಲು ಜನ ಅಲ್ಲಿನ ನಾಯಕ ಫಿಡೆಲ್ ಕ್ಯಾಸ್ಟ್ರೊ ಪರವಾಗಿದ್ದಾರೆಂದು ವರದಿ ಮಾಡಿತು. ವರದಿ ಅಮೆರಿಕದ ಅಧಿಕಾರಿಗಳಿಗೂ ತಲುಪಿತ್ತು. ಹಾಗಿದ್ದೂ 1961ರ ಏಪ್ರಿಲ್‌ನಲ್ಲಿ ಕ್ಯಾಸ್ಟ್ರೊವನ್ನು ಕೆಳಗಿಳಿಸಲು ಅಮೆರಿಕದ ಬೆಂಬಲದ ಪಡೆ ಕ್ಯೂಬಾದ ಬೇ ಆಫ್ ಪಿಗ್ಸ್ ತೀರಕ್ಕೆ ಇಳಿಯಿತು. ಮೂರೇ ದಿನಗಳಲ್ಲಿ ಸೋತಿತು. ಅದೇ ಸಂಶೋಧನಾ ಸಂಸ್ಥೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣವೂ ಬಂದಿತ್ತೆಂದು 1977ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು. ಅಂದರೆ ಹಣದ ಮೂಲ ಅನುಮಾನಕ್ಕೆ ಎಡೆಮಾಡುವಂಥದ್ದು, ಆದರೆ ಬಂದ ಉತ್ತರ ಹಣ ಕೊಟ್ಟವರಿಗೆ ಬೇಡವಾದದ್ದು. ಸಂದರ್ಶಕರು ಕೇಳಿದ್ದನ್ನು ಪ್ರಾಮಾಣಿಕವಾಗಿಯೇ ಬರೆದುಕೊಂಡಿದ್ದರು ಎಂದಾಯಿತು. ಆದ್ದರಿಂದ ಥೈಲಿ ಯಾರದು ಎಂಬ ಒಂದೇ ಪ್ರಶ್ನೆಯಿಂದ ಸಮೀಕ್ಷೆಯ ಗುಣವನ್ನು ತೀರ್ಮಾನಿಸಲು ಬರುವುದಿಲ್ಲ. ಪ್ರಶ್ನೆಗಳನ್ನು ಬರೆದವರು ಯಾರು, ಹಿಡಿಸದ ಉತ್ತರ ಬಂದರೂ ಪ್ರಕಟಿಸುವ ಕರಾರು ಇದೆಯೇ, ಉತ್ತರಗಳ ಕಡತ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.

ಇಂದಿನ ಸಮೀಕ್ಷೆಗಳಲ್ಲಿ ಹೆಚ್ಚಿನವು ಬಹಿರಂಗವಾಗಿಯೇ ನಡೆಯುತ್ತವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019ರ ನವೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಭಾರತದಲ್ಲಿ 17 ಭಾಷೆಗಳಲ್ಲಿ 29,999 ವಯಸ್ಕರನ್ನು ಧರ್ಮದ ಬಗ್ಗೆ ಮಾತಾಡಿಸಿ, 2021ರಲ್ಲಿ ವರದಿ ಹೊರತಂದಿತು. ಹಣ ಪ್ಯೂ ದತ್ತಿಯದು ಮತ್ತು ಜಾನ್ ಟೆಂಪಲ್‌ಟನ್ ಪ್ರತಿಷ್ಠಾನದ್ದು ಎಂದು ವರದಿಯಲ್ಲಿಯೇ ಮುದ್ರಿಸಿದ್ದಾರೆ. ಹಲವು ದೇಶಗಳ ಜನರ ನಂಬಿಕೆ, ಮೌಲ್ಯಗಳನ್ನು ಕೇಳುವ, 1981ರಲ್ಲಿ ಆರಂಭವಾದ ವಿಶ್ವ ಮೌಲ್ಯ ಸಮೀಕ್ಷೆಯಲ್ಲಿ ಆಯಾ ದೇಶದ ತಂಡವೇ ಬಹುಮಟ್ಟಿಗೆ ತನ್ನ ಹಣವನ್ನು ಹೊಂದಿಸಿಕೊಳ್ಳಬೇಕು. ವ್ಯಾಪಾರಕ್ಕೆ ಬೇಕೆಂದು ಕೇಳಿಸುವವರು ಬೇರೆಯೇ ಇದ್ದಾರೆ. ಸೋಪು ಮಾರುವವರಿಗೂ ನಮ್ಮ ಅಭಿಪ್ರಾಯ ಬೇಕು.

ಒಂದು ಲೆಕ್ಕವನ್ನು ಮಾತ್ರ ತಮ್ಮ ಮುಂದಿಡುತ್ತೇನೆ, ಲೆಕ್ಕದ ಮೇಷ್ಟ್ರಾಗಿದ್ದರೆ ಖುಷಿಯಾದೀತು. ಒಂದು ಸಾವಿರ ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಆರಿಸಿ ಕೇಳಿದರೆ ಫಲಿತಾಂಶದಲ್ಲಿ ಸುಮಾರು 3 ಶೇಕಡಾಂಶ ಆಚೀಚೆಯಾಗುತ್ತದೆ. ಕೆಲವು ಊರುಗಳನ್ನಷ್ಟೇ ಆರಿಸಿ ಒಂದೊಂದರಲ್ಲೂ ಗುಂಪಾಗಿ ಜನರನ್ನು ಕೇಳಿದಾಗ ಆ ಅಂತರ ಇನ್ನೂ ಹಿಗ್ಗುತ್ತದೆ. ಇಡೀ ದೇಶದ ಬಗ್ಗೆ ಮಾತಾಡಲು ಅಷ್ಟು ಸಾಕಾಗಬಹುದು. ಆದರೆ 2011ರ ಜನಗಣತಿಯಂತೆ 25.66 ಲಕ್ಷ ಜನರಿರುವ ಕಲಬುರಗಿ ಜಿಲ್ಲೆಗೆ, 121 ಕೋಟಿಯ ದೇಶದಲ್ಲಿ ಆ ಸಾವಿರದ ಪೈಕಿ ಸರಾಸರಿ ಇಬ್ಬರು ಮಾತ್ರ ಬರುತ್ತಾರೆ. ಮೂವತ್ತು ಸಾವಿರ ಜನರನ್ನು ಕೇಳಿದರೂ 64 ಮಂದಿ. ಹೀಗಾಗಿ ‘ಕಲಬುರಗಿಯವರು ಹೀಗೆ ಯೋಚಿಸುತ್ತಾರೆ’ ಎಂದು ಯಾರಾದರೂ ರಾಷ್ಟ್ರೀಯ ಸಮೀಕ್ಷೆಯಿಂದ ಹೇಳಿದರೆ ತಾವು ನಂಬಬೇಕಾಗಿಲ್ಲ. ತಮ್ಮ ಊರಿನ ಗುಟ್ಟು ಅದರಿಂದ ಹೊರಬೀಳುವ ಭಯವೂ ಬೇಡ.

ಪರದೇಶದ ಹಣ ನಿಂತಾಗಲೂ ತೊಂದರೆಯಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಆರಂಭವಾದಾಗ ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾದ ಯುಎಸ್‌ಏಡ್‌ನ ಹಣ ಅದಕ್ಕಿತ್ತು, ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದನ್ನು ನಡೆಸಿತು. ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂಬ ಪ್ರಶ್ನೆಗೆ ಗಂಡಸರೂ ಹೆಂಗಸರೂ ಕೊಟ್ಟ ಉತ್ತರಗಳು ನಮಗೆ ಗೊತ್ತಾಗಿದ್ದು ಆ ಸಮೀಕ್ಷೆಯ ನಂತರದ ಸುತ್ತುಗಳಿಂದಲೇ. ಅದೇ ಮಾದರಿಯ ಸಮೀಕ್ಷೆಗಳನ್ನು ಹಲವು ಬಡ ದೇಶಗಳಲ್ಲಿ 1984ರಿಂದ ನಡೆಸಿಕೊಂಡು ಬಂದಿದ್ದ ಯೋಜನೆಯನ್ನು ಅಮೆರಿಕ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದಾಗ, ಸ್ವಂತ ಹಣ ತೆಗೆದಿಡದ ದೇಶಗಳು ನಡುನೀರಿನಲ್ಲಿ ನಿಂತವು.

ಪ್ರಶ್ನೆ: ನಾನು ಇಂಥ ಸಮೀಕ್ಷೆಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಮಾಡುತ್ತೇನೆ. ಪೂರ್ತಿಯಾದ ಒಂದು ಫಾರ್ಮಿಗೆ ಇಷ್ಟು ಎಂದು ಕೂಲಿ. ಪಟ್ಟಿಯಲ್ಲಿರುವ ಎಷ್ಟೋ ಮನೆಗಳಿಗೆ ಬೀಗ. ಜನ ಗುಳೆ ಹೋಗಿರುತ್ತಾರೆ. ಪಕ್ಕದ ಮನೆಯವರನ್ನು ಕೇಳಿ ತುಂಬಿದರೆ ತಪ್ಪೇ? ಇನ್ನು ಪ್ರಶ್ನೆಗಳ ಕನ್ನಡ ನಮ್ಮ ಜನರಿಗೆ ಅರ್ಥವಾಗುವುದೇ ಇಲ್ಲ.
– ಹೆಸರು ಬೇಡವೆಂದವರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ನಿಮ್ಮ ಮೇಲ್ವಿಚಾರಕರ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಬದಲಾಯಿಸಬೇಡಿ. ಬೀಗ ಹಾಕಿದ ಮನೆಯೂ ಒಂದು ಮಾಹಿತಿಯೇ. ಬೆಂಗಳೂರು, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರನ್ನು ಬಿಟ್ಟು ಮನೆಯಲ್ಲಿ ಸಿಕ್ಕವರನ್ನಷ್ಟೇ ಕೇಳುತ್ತ ಹೋದರೆ, ವಯಸ್ಸಾದವರ ಮತ್ತು ಹೊಲವಿದ್ದವರ ಅಭಿಪ್ರಾಯವೇ ಇಡೀ ಯಾದಗಿರಿಯದೆಂದು ಅಚ್ಚಾಗುತ್ತದೆ. ಮನೆಯೊಳಗೂ ಇದೇ ಮಾತು: ಎದುರಿಗೆ ಸಿಕ್ಕವರನ್ನು ಕೇಳದೆ, ಮನೆಯ ವಯಸ್ಕರ ಪಟ್ಟಿ ಮಾಡಿ, ಯಾರ ಸರದಿಯೆಂದು ಮೊದಲೇ ಸಿದ್ಧಪಡಿಸಿದ ಕೋಷ್ಟಕವು ಸೂಚಿಸಿದ ಒಬ್ಬರನ್ನೇ ಕೇಳುವ ಪದ್ಧತಿಯನ್ನು ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿಯೇ ವಿವರಿಸಿದ್ದರು. ಬಾಗಿಲಿಗೆ ಬರುವುದು ಯಜಮಾನ, ಒಲೆಯ ಮುಂದಿರುವುದು ಸೊಸೆ. ಕೋಷ್ಟಕ ಇಲ್ಲದಿದ್ದರೆ ಸೊಸೆಯ ಸರದಿ ಬರುವುದೇ ಇಲ್ಲ.

ಆದರೆ ಈ ವಿಷಯದಲ್ಲಿ ನಾನು ನಿಮ್ಮನ್ನು ದೂರುವುದಕ್ಕಿಂತ ಹಣ ಹಾಕಿದವರನ್ನೇ ದೂರುತ್ತೇನೆ. ಫಾರ್ಮಿನ ಲೆಕ್ಕದಲ್ಲಿ ಕೂಲಿ ಕೊಟ್ಟು, ಅದೇ ಮನೆಗೆ ಎರಡನೇ ಸಲ, ಮೂರನೇ ಸಲ ಹೋಗಿಬರುವ ಬಸ್ ಚಾರ್ಜನ್ನೂ ಕೊಡದೆ ಹೋದರೆ, ಸುಳ್ಳು ಫಾರ್ಮು ತುಂಬುವ ಆಸೆಯನ್ನು ಅವರೇ ಬಿತ್ತಿದಂತೆ. ದಿನಗೂಲಿ ಕೊಟ್ಟು, ಹತ್ತರಲ್ಲಿ ಒಂದೆರಡು ಮನೆಗೆ ಬೇರೆಯವರನ್ನು ಮತ್ತೆ ಕಳಿಸಿ ತಾಳೆ ನೋಡಿದರೆ ಖರ್ಚು ಹೆಚ್ಚಾಗುತ್ತದೆ, ನಿಜ. ವಿದೇಶದಲ್ಲಿ ಕುಳಿತವರು ಬಜೆಟ್ ಕತ್ತರಿಸುವಾಗ ಮೊದಲು ಕೈಹಾಕುವುದೂ ಇಲ್ಲಿಗೇ, ಏಕೆಂದರೆ ವರದಿಯ ಹೊಳೆಯುವ ಪುಟಗಳಲ್ಲಿ ಈ ಕೊರತೆ ಕಾಣಿಸುವುದಿಲ್ಲ.

ಭಾಷೆಯ ಬಗ್ಗೆ ನೀವು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಬೆಂಗಳೂರಿನಲ್ಲಿ ಅನುವಾದ ಮಾಡಿಸಿ, ‘ಸಂಪೂರ್ಣವಾಗಿ ಸಮ್ಮತಿಸುತ್ತೇನೆ, ಸ್ವಲ್ಪ ಮಟ್ಟಿಗೆ ಸಮ್ಮತಿಸುತ್ತೇನೆ’ ಎಂದು ಐದು ಮೆಟ್ಟಿಲು ಕಟ್ಟಿ, ಸುರಪುರದ ಕಟ್ಟೆಯ ಮೇಲೆ ಕುಳಿತ ಅಜ್ಜನ ಮುಂದೆ ಓದಿದರೆ ಅವನು, ‘ನೀವ್ ಹ್ಯಾಂಗ್ ಬರಕೋತೀರಿ ಹಂಗ ಬರಕೋರಿ’ ಎನ್ನುತ್ತಾನೆ. ಅದು ಸಮ್ಮತಿಯಲ್ಲ, ಮನೆಗೆ ಬಂದವರಿಗೆ ತೋರುವ ಮರ್ಯಾದೆ. ತಾಂಡಾಗಳಲ್ಲಿ ಲಂಬಾಣಿ, ಊರೊಳಗೆ ದಖನಿ ಉರ್ದು, ಗಡಿಯಂಚಿನಲ್ಲಿ ತೆಲುಗು, ಬೀದರ್ ಕಡೆ ಮರಾಠಿ ಎಂದಾಗ ಒಂದೇ ಕನ್ನಡ ಫಾರ್ಮು ಸಾಲುವುದಿಲ್ಲ. ಬಲ್ಲ ಸಂಸ್ಥೆಗಳು ಅನುವಾದವನ್ನು ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಮೂಲದೊಂದಿಗೆ ಹೋಲಿಸುತ್ತವೆ, ಆಮೇಲೆ ಕೆಲವು ಊರುಗಳಲ್ಲಿ ಕೇಳಿ ನೋಡುತ್ತವೆ. ತರಬೇತಿಯ ದಿನವೇ ನೀವು ಎದ್ದು ನಿಂತು, ಇಂಥ ಪದ ನಮ್ಮಲ್ಲಿ ನಡೆಯುವುದಿಲ್ಲ ಎಂದು ಹೇಳಿ. ಆದರೆ ಮನೆಯ ಮುಂದೆ ನಿಂತಾಗ ನಿಮ್ಮಿಷ್ಟದಂತೆ ಪ್ರಶ್ನೆ ತಿರುಗಿಸಬೇಡಿ. ಆಗ ಒಬ್ಬೊಬ್ಬ ಸಂದರ್ಶಕರದ್ದು ಒಂದೊಂದು ಸಮೀಕ್ಷೆಯಾಗುತ್ತದೆ.

ಪ್ರಶ್ನೆ: ನಮ್ಮದು ಭಾಲ್ಕಿಯ ಸಣ್ಣ ನೋಂದಾಯಿತ ಟ್ರಸ್ಟ್. ಯುರೋಪಿನ ವಿಶ್ವವಿದ್ಯಾಲಯವೊಂದು ಗಡಿ ಊರುಗಳ ಜನರ ಅಭಿಪ್ರಾಯ ಸಂಗ್ರಹಿಸಲು ನಮಗೆ ಹಣ ಕೊಡುವುದಾಗಿ ಹೇಳಿದೆ. ನಮ್ಮೂರಿನವರೇ ಆದ, ಈಗ ಅಮೆರಿಕದ ಪೌರತ್ವ ಪಡೆದ ವೈದ್ಯರೊಬ್ಬರೂ ಇದಕ್ಕೆ ಸಹಾಯ ಮಾಡಲು ಸಿದ್ಧರಿದ್ದಾರೆ. ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಬಹುದೇ?
– ಕಾರ್ಯದರ್ಶಿ, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಬೇಡ, ಎರಡೂ ಬೇಡ. ಕೆಲವು ದೇಶಗಳು ಸಮೀಕ್ಷೆ ಮಾಡುವವರನ್ನೇ ಹಿಡಿಯುತ್ತವೆ. ಹೊರಗಿನವರಿಗಾಗಿ ಸಮೀಕ್ಷೆ ಮಾಡಲು ಪರವಾನಗಿ ಪಡೆದ ಸಂಸ್ಥೆಯೇ ಆಗಬೇಕೆಂಬ ನಿಯಮ ಚೀನಾದಲ್ಲಿದೆ. ರಷ್ಯಾದಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಲೆವಾಡಾ ಕೇಂದ್ರವನ್ನು 2016ರಲ್ಲಿ ‘ವಿದೇಶಿ ಏಜೆಂಟ್’ ಎಂದು ಘೋಷಿಸಲಾಯಿತು. ನಮ್ಮಲ್ಲಿ ಕಾಯ್ದೆ ಹಿಡಿಯುವುದು ಮುಖ್ಯವಾಗಿ ಹಣದ ದಾರಿಯನ್ನು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಎಂದರೆ ಎಫ್‌ಸಿಆರ್‌ಎ ಪ್ರಕಾರ, ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಆ ಕೆಲಸಕ್ಕೆಂದೇ ಪಡೆದ ಪೂರ್ವಾನುಮತಿ ಇಲ್ಲದೆ ಟ್ರಸ್ಟ್ ವಿದೇಶಿ ಹಣ ಮುಟ್ಟುವಂತಿಲ್ಲ. ವೈದ್ಯರು ನಿಮ್ಮ ಊರಿನವರೇ ಆಗಿದ್ದರೂ ಪೌರತ್ವ ಬದಲಾದ ಮೇಲೆ ಅವರು ವಿದೇಶಿ ಮೂಲವೇ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿಯೊಬ್ಬರು ತಮ್ಮ ಉಳಿತಾಯದಿಂದ ಕೊಟ್ಟಿದ್ದರೆ ಮಾತು ಬೇರೆಯಾಗಿತ್ತು.

ನೋಂದಾಯಿತವಾದ ದೊಡ್ಡ ಸಂಸ್ಥೆಯೊಂದರ ಮೂಲಕ ತರಿಸಿಕೊಳ್ಳೋಣವೆಂದರೆ, 2020ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿದೆ. ಒಬ್ಬರು ಪಡೆದ ವಿದೇಶಿ ವಂತಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ವಿಶ್ವವಿದ್ಯಾಲಯದಿಂದ ಮೊತ್ತ ಮತ್ತು ಉದ್ದೇಶ ನಮೂದಿಸಿದ ಬದ್ಧತಾ ಪತ್ರ ಪಡೆದು ಪೂರ್ವಾನುಮತಿಗೆ ಅರ್ಜಿ ಹಾಕುವುದು ನಿಮಗೆ ಸರಿಯಾದ ದಾರಿ. ಹಣ ಮೊದಲು ಬೀಳಬೇಕಾದದ್ದು ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ; ಅದಕ್ಕಾಗಿ ದೆಹಲಿಗೆ ಹೋಗಬೇಕಿಲ್ಲ, ಹತ್ತಿರದ ಶಾಖೆಯ ಮೂಲಕವೇ ತೆರೆಯಬಹುದು. ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು, ಆದರೆ ಸಂಶೋಧನೆಯೇ ಮುಖ್ಯ ಕೆಲಸವಾದ ಸಂಸ್ಥೆಯಲ್ಲಿ ಕ್ಷೇತ್ರದ ಮಾಹಿತಿ ಸಂಗ್ರಹಿಸುವವರ ಸಂಬಳವನ್ನು ಅದರಲ್ಲಿ ಸೇರಿಸುವುದಿಲ್ಲ. ನಿಮ್ಮ ಟ್ರಸ್ಟಿನ ಮುಖ್ಯ ಕೆಲಸ ಶಾಲೆ ನಡೆಸುವುದಾಗಿದ್ದರೆ ಈ ವಿನಾಯಿತಿಯನ್ನು ನೆಚ್ಚಬೇಡಿ. ನಿಯಮಗಳು ಪದೇ ಪದೇ ಬದಲಾಗುವುದರಿಂದ ಅರ್ಜಿಗೆ ಮುನ್ನ ಲೆಕ್ಕ ಪರಿಶೋಧಕರಿಗೆ ಒಮ್ಮೆ ತೋರಿಸಿ.

ಸಮೀಕ್ಷಾ ಕಂಪನಿಗಳು ಹೇಗೆ ಮಾಡುತ್ತವೆ ಎಂದು ನೀವು ಕೇಳಬಹುದು. ವ್ಯಾಪಾರದ ವಾಡಿಕೆಯಲ್ಲಿ ಮಾಡಿದ ಸೇವೆಗೆ ಪಡೆದ ಶುಲ್ಕವನ್ನು ಈ ಕಾಯ್ದೆ ವಂತಿಗೆಯೆಂದು ಎಣಿಸುವುದಿಲ್ಲ. ಆಳಂದದ ಗುರುಗಳ ಕಣಕ್ಕೆ ಬಂದ ಯುವಕರೂ ಬಹುಶಃ ಅಂಥ ಕಂಪನಿಯವರೇ. ಟ್ರಸ್ಟು ದೇಣಿಗೆಗೆ ಶುಲ್ಕದ ಅಂಗಿ ತೊಡಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ. ಅಂದಹಾಗೆ, ಅದೇ ಕಾಯ್ದೆಯ 3ನೇ ಕಲಮಿನಲ್ಲಿ ಅಭ್ಯರ್ಥಿಗಳು, ನ್ಯಾಯಾಧೀಶರು, ಸರ್ಕಾರಿ ನೌಕರರ ಜೊತೆಗೆ ಅಂಕಣಕಾರರೂ ವಿದೇಶಿ ವಂತಿಗೆ ಪಡೆಯುವಂತಿಲ್ಲ ಎಂದಿದೆ. ಹೀಗಾಗಿ ನಿಮ್ಮ ಸಮೀಕ್ಷೆಯ ಸಲಹೆಗಾರನಾಗಬೇಕೆಂದು ಪತ್ರದ ಕೊನೆಯಲ್ಲಿ ನೀವು ನನ್ನನ್ನು ಕೇಳಿರುವುದಕ್ಕೆ, ಆ ಹಣದಿಂದ ಬಿಡಿಗಾಸನ್ನೂ ಮುಟ್ಟದೆ ಪ್ರಶ್ನಾವಳಿಯ ಕನ್ನಡವನ್ನಷ್ಟೇ ನೋಡಿಕೊಡಬಲ್ಲೆ ಎಂದು ಉತ್ತರಿಸುತ್ತೇನೆ.