ಹೊಲದಿಂದ ಆಹಾರ ಬ್ಯಾಂಕಿಗೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾವು ಏಳೆಂಟು ಬೆಳೆಗಾರರು ಸೇರಿ, ಇಲ್ಲದವರಿಗೆ ಆಹಾರ ಹಂಚುವ ಆಹಾರ ಬ್ಯಾಂಕಿಗೆ ವಾರಕ್ಕೊಮ್ಮೆ ತರಕಾರಿ ಕಳಿಸುತ್ತೇವೆ. ಕಿತ್ತಾಗ ನಳನಳಿಸುವ ಮಾಲು ಹಂಚುವ ಹೊತ್ತಿಗೆ ಬಾಡಿ, ಕೊಳೆತು, ಕಾಲುಭಾಗ ಗೊಬ್ಬರದ ಗುಂಡಿ ಸೇರುತ್ತಿದೆ. ಗಾಡಿ ತಡವಾಗುವುದೂ ಇಲ್ಲ. ತಪ್ಪು ಎಲ್ಲಿ?

ಉತ್ತರ: ಬಹುಮಟ್ಟಿಗೆ ಗಾಡಿ ಬರುವ ಮೊದಲೇ, ಹೊಲದ ಬದುವಿನಲ್ಲೇ ತಪ್ಪಾಗಿರುತ್ತದೆ. ಕಿತ್ತ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಕರಗಿಸಿಕೊಳ್ಳುತ್ತಾ ತಾನೇ ಬಿಸಿಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. 10 ಡಿಗ್ರಿಯಲ್ಲಿಟ್ಟ ಸೊಪ್ಪು ನಾಲ್ಕರಿಂದ ಒಂಬತ್ತು ಗಂಟೆಯಲ್ಲಿ ಕಳೆದುಕೊಳ್ಳುವಷ್ಟನ್ನು 30 ಡಿಗ್ರಿ ಬಿಸಿಯಲ್ಲಿ ಬಿದ್ದ ಸೊಪ್ಪು ಒಂದೇ ಗಂಟೆಯಲ್ಲಿ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ತಂಪು ಮಾಡಿದರೂ ಹೋದ ಆಯುಷ್ಯ ಮರಳಿ ಬರುವುದಿಲ್ಲ.

ಮೊದಲು ಕೊಯ್ಲಿನ ಲೆಕ್ಕವನ್ನು ತಿರುವಿ ಹಾಕಿ. ಮಾರಿ ಉಳಿದದ್ದನ್ನು ಯಾವಾಗ ಕೊಡೋಣ ಎಂದು ಯೋಚಿಸುವ ಬದಲು, ಹಂಚುವ ದಿನ ಯಾವುದೆಂದು ಕೇಳಿ ಅಲ್ಲಿಂದ ಹಿಂದಕ್ಕೆ ಎಣಿಸಿ. ಸೊಪ್ಪನ್ನು ಹಂಚುವ ದಿನ ಮುಂಜಾನೆ, ಇಲ್ಲವೇ ಹಿಂದಿನ ಸಂಜೆ ಕೀಳಬೇಕು. ಬೀನ್ಸ್, ಸೌತೆ, ಬದನೆ ಹಿಂದಿನ ದಿನ. ಟೊಮೆಟೊ ಮೂರು ದಿನ ಮೊದಲು, ಬಣ್ಣ ತಿರುಗುತ್ತಿರುವಾಗಲೇ ಕೀಳಬೇಕು. ಪೂರ್ತಿ ಕೆಂಪಾದದ್ದು ಕ್ರೇಟಿನ ತಳದಲ್ಲೇ ರಸವಾಗುತ್ತದೆ. ಕೋಸು, ಕ್ಯಾರೆಟ್, ಸಿಹಿಗುಂಬಳ ಒಂದು ವಾರ ಮೊದಲೇ ಬಂದರೂ ತೊಂದರೆಯಿಲ್ಲ. ಪಡೆದವರ ಮನೆಯಲ್ಲೂ ಅದು ಎರಡು ಮೂರು ದಿನ ನಿಲ್ಲಬೇಕು ಎಂಬುದನ್ನು ಲೆಕ್ಕಕ್ಕೆ ಸೇರಿಸಿ. ಅವರಲ್ಲಿ ಎಷ್ಟೋ ಜನರಿಗೆ ಫ್ರಿಜ್ ಇರುವುದಿಲ್ಲ.

ಕೊಯ್ಲು ಬೆಳಗಿನ ತಂಪಿನಲ್ಲಿ ಆಗಲಿ. ಬೀನ್ಸ್ ಮತ್ತು ಟೊಮೆಟೊಗೆ ಮಾತ್ರ ಇಬ್ಬನಿ ಆರುವ ತನಕ ಕಾಯಿರಿ. ಒದ್ದೆ ಎಲೆಗಳ ನಡುವೆ ಓಡಾಡಿದರೆ ಒಂದು ಗಿಡದ ರೋಗವನ್ನು ನಮ್ಮ ಕೈ, ಬಟ್ಟೆಗಳೇ ಇಡೀ ಸಾಲಿಗೆ ಹಚ್ಚುತ್ತವೆ. ಕಿತ್ತದ್ದು ನೇರವಾಗಿ ಕ್ರೇಟಿಗೇ ಬೀಳಲಿ. ಬುಟ್ಟಿಯಿಂದ ಚೀಲಕ್ಕೆ, ಚೀಲದಿಂದ ಕ್ರೇಟಿಗೆ ಎಂದು ಸುರಿಯುತ್ತಾ ಹೋದರೆ ಪ್ರತಿ ಸಲವೂ ಕಣ್ಣಿಗೆ ಕಾಣದ ಪೆಟ್ಟು ಬೀಳುತ್ತದೆ. ಮೂರನೆಯ ದಿನ ಅಲ್ಲೇ ಕಪ್ಪು ಮಚ್ಚೆ ಏಳುತ್ತದೆ. ಕ್ರೇಟಿನ ಅಂಚಿಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ, ಇಲ್ಲದಿದ್ದರೆ ಮೇಲಿನ ಕ್ರೇಟಿನ ಭಾರ ಕಾಯಿಗಳ ಮೇಲೆ ಕೂರುತ್ತದೆ. ತುಂಬಿದ ಕ್ರೇಟು ಬಿಸಿಲಲ್ಲಿ ಕಾಯುವಂತಿಲ್ಲ. ಮರದ ನೆರಳು ಸರಿಯುತ್ತಾ ಹೋಗುವುದರಿಂದ ಸಾಲಿನ ತುದಿಯಲ್ಲೊಂದು ಚಪ್ಪರವನ್ನೋ ತಿಳಿಬಣ್ಣದ ಟಾರ್ಪಾಲನ್ನೋ ಎತ್ತರಕ್ಕೆ ಕಟ್ಟಿ.

ಎಲ್ಲವನ್ನೂ ಒಂದೇ ತಂಪು ಕೋಣೆಗೆ ನೂಕುವುದರಿಂದಲೂ ಬಹಳಷ್ಟು ಮಾಲು ಹಾಳಾಗುತ್ತದೆ. ಸೊಪ್ಪು, ಕೋಸು, ಕ್ಯಾರೆಟ್ 0 ಡಿಗ್ರಿಯ ಹತ್ತಿರ, ತೇವದ ಗಾಳಿಯಲ್ಲಿ ಸುಖವಾಗಿರುತ್ತವೆ. ಸೌತೆ ಮತ್ತು ಬದನೆಗೆ 10ರಿಂದ 12 ಡಿಗ್ರಿ ಬೇಕು, ಬಾಳೆಹಣ್ಣಿಗೆ 13ರಿಂದ 14. ಟೊಮೆಟೊವನ್ನು 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ರುಚಿ ಸಾಯುತ್ತದೆ, ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ. ಜೊತೆಗೆ ಹಣ್ಣಾಗುತ್ತಿರುವ ಬಾಳೆ, ಪಪ್ಪಾಯಿ, ಸೇಬು, ಟೊಮೆಟೊಗಳು ಎಥಿಲೀನ್ ಅನಿಲ ಬಿಡುತ್ತವೆ. ಅದು ಸೊಪ್ಪನ್ನೂ ಸೌತೆಯನ್ನೂ ಹಳದಿ ಮಾಡುತ್ತದೆ, ಕ್ಯಾರೆಟ್ಟನ್ನು ಕಹಿ ಮಾಡುತ್ತದೆ. ಈ ಹಣ್ಣುಗಳನ್ನು ಬೇರೆ ಕೋಣೆಯಲ್ಲಿಡಿ. ಒಂದೇ ಕೋಣೆಯಿದ್ದರೆ ಸೊಪ್ಪನ್ನು ಅಲ್ಲಿಟ್ಟು, ಹಣ್ಣುಗಳನ್ನು ಹೊರಗೆ ಗಾಳಿಯಾಡುವ ನೆರಳಿನಲ್ಲಿ ಬಿಡಿ.

ಪ್ರಶ್ನೆ: ಕೋಲ್ಡ್ ಸ್ಟೋರೇಜ್ ಕಟ್ಟಿಸುವ ಶಕ್ತಿ ನಮಗೂ ಇಲ್ಲ, ಬ್ಯಾಂಕಿಗೂ ಇಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಒಣ ಹವೆಯಿದ್ದರೆ ಇದೆ. ಇಟ್ಟಿಗೆಯಿಂದ ಎರಡು ಸುತ್ತು ಗೋಡೆಯ ತೊಟ್ಟಿ ಕಟ್ಟಿ. ಎರಡು ಗೋಡೆಗಳ ನಡುವೆ ಏಳೆಂಟು ಸೆಂಟಿಮೀಟರ್ ಸಂದು ಬಿಟ್ಟು, ಅದರಲ್ಲಿ ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರುಣಿಸಿ. ಮೇಲೆ ಹುಲ್ಲಿನ ಮುಚ್ಚಳವೋ ಒದ್ದೆ ಗೋಣಿಯೋ ಇರಲಿ; ಇಡೀ ತೊಟ್ಟಿಗೆ ನೆರಳು ಮತ್ತು ಗಾಳಿ ಎರಡೂ ಬೇಕು. ಕಡುಬೇಸಿಗೆಯಲ್ಲಿ ಒಳಗಡೆ ಹೊರಗಿಗಿಂತ 10 ಡಿಗ್ರಿಯಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ತಂಪಿರುತ್ತದೆ. ಮಳೆಗಾಲದಲ್ಲಿ ನೀರು ಆವಿಯಾಗದ ಕಾರಣ ಈ ತೊಟ್ಟಿ ಕೆಲಸಕ್ಕೆ ಬಾರದು, ಆಗ ಕಿತ್ತ ದಿನವೇ ಹಂಚುವುದೊಂದೇ ದಾರಿ. ಈರುಳ್ಳಿ, ಬೆಳ್ಳುಳ್ಳಿಯನ್ನು ಎಂದೂ ಇದರೊಳಗೆ ಇಡಬೇಡಿ. ಅವಕ್ಕೆ ಒಣ ಗಾಳಿಯೇ ಬೇಕು; ಕುತ್ತಿಗೆ ಪೂರ್ತಿ ಒಣಗದ ಈರುಳ್ಳಿ ಒಳಗಿನಿಂದಲೇ ಕೊಳೆಯುತ್ತದೆ.

ಪ್ರಶ್ನೆ: ತರಕಾರಿ ತೊಳೆದು ಕಳಿಸಬೇಕೇ?

ಉತ್ತರ: ಎಲ್ಲವನ್ನೂ ಅಲ್ಲ. ಆಲೂಗಡ್ಡೆ, ಈರುಳ್ಳಿ, ಬೀನ್ಸ್ ಒದ್ದೆಯಾದರೆ ಬೂಷ್ಟು ಹಿಡಿಯುತ್ತವೆ. ಮಣ್ಣು ಕೊಡವಿದರೆ ಸಾಕು. ಸೊಪ್ಪು, ಮೂಲಂಗಿ, ಕ್ಯಾರೆಟ್ ತೊಳೆಯಬಹುದು. ನೀರು ಕುಡಿಯುವ ಗುಣಮಟ್ಟದ್ದೇ ಆಗಿರಬೇಕು. ತೊಟ್ಟಿಯಲ್ಲಿ ಮುಳುಗಿಸಿ ತೊಳೆಯುವುದಾದರೆ ಪರಿಮಳ ಸೇರಿಸದ, ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಬ್ಲೀಚ್) ದ್ರಾವಣವನ್ನು ಲೀಟರಿಗೆ 2 ಮಿಲಿ ಹಾಕಿದರೆ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 100 ಭಾಗ ಆಗುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಜಾಲಿಸಿ. ನೀರು ಕದಡಿದೊಡನೆ ಬದಲಿಸಿ, ಏಕೆಂದರೆ ಮಣ್ಣು ಮತ್ತು ಎಲೆಚೂರು ಕ್ಲೋರಿನ್ನನ್ನು ನುಂಗಿಬಿಡುತ್ತವೆ. ಆಗ ಒಂದು ಕೊಳೆತ ಗಿಡದ ರೋಗಾಣು ಇಡೀ ರಾಶಿಗೆ ಹರಡಲು ಅದೇ ತೊಟ್ಟಿ ಸಾಕಾಗುತ್ತದೆ. ಬಿಸಿಲಿಗೆ ಕಾದ ಟೊಮೆಟೊವನ್ನು ತಣ್ಣೀರಿಗೆ ಹಾಕಬೇಡಿ. ಒಳಗಿನ ಗಾಳಿ ಕುಗ್ಗಿ, ತೊಟ್ಟು ಕಳಚಿದ ಗಾಯದಿಂದ ಕೊಳೆನೀರನ್ನು ಒಳಗೆಳೆದುಕೊಳ್ಳುತ್ತದೆ.

ಪ್ರಶ್ನೆ: ಮುಂದಿನ ಹಂಗಾಮಿನಲ್ಲಿ ಒಂದಿಷ್ಟು ಜಾಗವನ್ನು ಬ್ಯಾಂಕಿಗೆಂದೇ ಬಿತ್ತಬೇಕೆಂದಿದ್ದೇವೆ. ಎಷ್ಟು, ಏನು ಬೆಳೆಯೋಣ?

ಉತ್ತರ: ಒಳ್ಳೆಯ ನಿರ್ಧಾರ. ಉಳಿದದ್ದನ್ನು ಕೊಡುವುದರಲ್ಲಿ ಒಂದು ವಾರ ಮಾಲಿನ ಮಹಾಪೂರ, ಇನ್ನೊಂದು ವಾರ ಖಾಲಿ ಕ್ರೇಟು. ಬಿತ್ತಿ ಕೊಟ್ಟರೆ ಮಾತ್ರ ವಾರ ವಾರಕ್ಕೂ ನಂಬಿಕೆ ಬರುತ್ತದೆ.

ಲೆಕ್ಕ ಹೀಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು. ಇದರಲ್ಲಿ ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಸೇರಿಲ್ಲ. ನಾಲ್ಕು ಜನರ 60 ಕುಟುಂಬಗಳಿದ್ದರೆ ವಾರಕ್ಕೆ 672 ಕೆಜಿ. ಅದರ ಕಾಲುಭಾಗವನ್ನು ಒಪ್ಪಿಕೊಂಡರೆ 168 ಕೆಜಿ, ಮನೆಗೆ 2.8 ಕೆಜಿ. ಕ್ರೇಟಿಗೆ 15 ಕೆಜಿ ಹಿಡಿದರೆ ಹನ್ನೆರಡು ಕ್ರೇಟು. ಕೀಟ, ಮಳೆ, ವಿಂಗಡಣೆಯಲ್ಲಿ ಹೋಗುವುದನ್ನು ಸೇರಿಸಿ ಕಾಲುಭಾಗ ಹೆಚ್ಚಿಗೆ ಬಿತ್ತಿ. ದೊಡ್ಡ ಮಾತು ಕೊಟ್ಟು ತಪ್ಪುವುದಕ್ಕಿಂತ, ಆರೇ ಕ್ರೇಟು ಒಪ್ಪಿಕೊಂಡು ಪ್ರತಿ ವಾರ ತಲುಪಿಸುವವರೇ ಬ್ಯಾಂಕಿಗೆ ಹೆಚ್ಚು ಬೇಕಾದವರು.

ಸೊಪ್ಪು, ಮೂಲಂಗಿಯನ್ನು ಹತ್ತು ದಿನಕ್ಕೊಮ್ಮೆ, ಬೀನ್ಸನ್ನು ಎರಡು ಮೂರು ವಾರಕ್ಕೊಮ್ಮೆ ಸಣ್ಣ ಸಣ್ಣ ಮಡಿಗಳಲ್ಲಿ ಬಿತ್ತುತ್ತಾ ಹೋಗಿ. ಸಿಹಿಗುಂಬಳ, ಗೆಣಸು, ಈರುಳ್ಳಿಯಂಥ ತಾಳಿಕೆಯ ಬೆಳೆ ಇದ್ದರೆ ಖಾಲಿ ವಾರಗಳನ್ನು ತುಂಬಿಕೊಳ್ಳಬಹುದು. ಬೀಜ ಕೊಳ್ಳುವ ಮೊದಲೇ ಪಡೆಯುವವರು ಏನು ತಿನ್ನುತ್ತಾರೆ, ಅವರ ಮನೆಯಲ್ಲಿ ಒಲೆ ಇದೆಯೇ ಎಂದು ಬ್ಯಾಂಕಿನವರನ್ನು ಕೇಳಿ. ಒಲೆಯಿಲ್ಲದವರಿಗೆ ಬದನೆಕಾಯಿ ಕೊಟ್ಟು ಏನು ಪ್ರಯೋಜನ? ಅವರಿಗೆ ಸೌತೆ, ಕ್ಯಾರೆಟ್, ಹಣ್ಣು ಬೇಕು.

ಪ್ರಶ್ನೆ: ಸೊಟ್ಟಗಿನ, ಸಣ್ಣ, ಕಲೆಯಿರುವ ಮಾಲನ್ನು ಕೊಡಬಹುದೇ?

ಉತ್ತರ: ಆಕಾರ, ಗಾತ್ರ, ಸಿಪ್ಪೆಯ ಮೇಲಿನ ಒಣ ಕಲೆ ಯಾವುದೂ ಅಡ್ಡಿಯಲ್ಲ. ಬಿರುಕು ಒಣಗಿ ಗಟ್ಟಿಯಾಗಿದ್ದರೆ ಸರಿ, ಒದ್ದೆಯಾಗಿದ್ದರೆ ಬೇಡ. ಹಸಿರು ತಿರುಗಿದ ಆಲೂಗಡ್ಡೆ ಬೇಡ. ಬೆಳಕು ಬಿದ್ದಾಗ ಅದರಲ್ಲಿ ಸೋಲನಿನ್ ಎಂಬ ವಿಷ ಹೆಚ್ಚುತ್ತದೆ. ಹಸಿಯಾಗಿ ತಿನ್ನುವ ಹಣ್ಣನ್ನು ನೆಲಕ್ಕೆ ಬಿದ್ದಲ್ಲಿಂದ ಆರಿಸಿ ಕೊಡಬೇಡಿ, ದನ ಮೇಯುವ ತೋಟವಾದರಂತೂ ಖಂಡಿತ ಬೇಡ. ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳವನ್ನು ಒಂದು ಹಿಡಿಯೂ ಕೊಡಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ನಿಮ್ಮ ಮನೆಯ ಅಡುಗೆಗೆ ಒಪ್ಪದ್ದನ್ನು ಬ್ಯಾಂಕಿನ ಕ್ರೇಟಿಗೆ ಹಾಕಬಾರದು ಎಂಬುದೇ ನಮ್ಮ ಖಚಿತ ನಿಲುವು. ಅಲ್ಲಿಗೆ ಬರುವವರಲ್ಲಿ ಮಕ್ಕಳು, ವೃದ್ಧರು, ಕಾಯಿಲೆಯವರು ಇರುತ್ತಾರೆ.

ಪ್ರಶ್ನೆ: ಮಾಲು ಉಚಿತವಾಗಿ ಕೊಡಲು ಸಿದ್ಧ. ಆದರೆ ಕೀಳುವ ಕೂಲಿ, ಸಾಗಣೆ ಎಲ್ಲವೂ ನಮ್ಮ ಮೇಲೆಯೇ ಬಿದ್ದಿದೆ.

ಉತ್ತರ: ನಾಚಿಕೆ ಬಿಟ್ಟು ಕೇಳಿ. 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಮೊದಲ ಆಹಾರ ಬ್ಯಾಂಕ್ ಆರಂಭಿಸಿದ ಕಾಲದಿಂದಲೂ ಈ ಬ್ಯಾಂಕುಗಳು ಹೆಚ್ಚಾಗಿ ಡಬ್ಬಿ, ಪೊಟ್ಟಣಗಳ ಮೇಲೆ ನಡೆದುಬಂದಿವೆ. ಹಸಿ ಮಾಲಿಗೆ ತಗಲುವ ದುಡಿಮೆ ಅಲ್ಲಿರುವ ಎಷ್ಟೋ ಜನರ ಅರಿವಿಗೇ ಬಂದಿರುವುದಿಲ್ಲ. ಕೀಳುವ ಮತ್ತು ತುಂಬುವ ಖರ್ಚನ್ನಾದರೂ ಕೆಜಿಗೆ ಇಷ್ಟೆಂದು ಹಂಗಾಮಿನ ಮೊದಲೇ ಬರೆದುಕೊಳ್ಳಿ. ಸ್ವಯಂಸೇವಕರು ಕೀಳಲು ಬರುವುದಾದರೆ ಮೊದಲ ದಿನ ಜೊತೆಗೆ ನಿಂತು ಯಾವ ಕಾಯಿ, ತೊಟ್ಟು ಎಷ್ಟು ಎಂದು ತೋರಿಸಿ. ಹೀಚುಕಾಯಿ ಕಿತ್ತರೆ ಮುಂದಿನ ವಾರದ ಫಸಲೂ ಹೋಯಿತು. ಕ್ರೇಟುಗಳ ವಿಷಯದಲ್ಲಿ ಒಂದೇ ನಿಯಮ: ತುಂಬಿದ ಕ್ರೇಟು ಇಳಿಸಿದಾಗಲೇ ಅಷ್ಟೇ ಖಾಲಿ ಕ್ರೇಟು ಗಾಡಿಗೆ ಏರಬೇಕು. ಆಮೇಲೆ ಕೊಡುತ್ತೇವೆ ಎಂದರೆ ಬರುವುದಿಲ್ಲ. ಬಂದವನ್ನು ತೊಳೆದು ಬಿಸಿಲಿಗೆ ಒಣಗಿಸಿಯೇ ಮತ್ತೆ ಬಳಸಿ.

ಪ್ರಶ್ನೆ: ನಾವು ಕೊಟ್ಟ ಕಾಳಿನಲ್ಲಿ ಹುಳ ಬಿದ್ದಿದೆ ಎನ್ನುತ್ತಾರೆ.

ಉತ್ತರ: ತೇವ ಉಳಿದಿರಬೇಕು, ಇಲ್ಲವೇ ಹೊಲದಲ್ಲೇ ಮೊಟ್ಟೆ ಸೇರಿರಬೇಕು. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗದಷ್ಟು ಕಾಳು, ಎರಡು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಿ ಕಾಲುಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ಇನ್ನೊಂದು ದಿನ ಒಣಗಿಸಿ, ದೀರ್ಘ ದಾಸ್ತಾನಿಗೆ ಶೇ. 12ರ ಆಸುಪಾಸಿಗೆ ಇಳಿಯಬೇಕು. ಆರಿದ ಮೇಲೆ ಗಾಳಿಯಾಡದ ಒಳಚೀಲವಿರುವ ಚೀಲದಲ್ಲಿ ತುಂಬಿ ಬಿಗಿಯಾಗಿ ಕಟ್ಟಿ. ಒಳಗಿನ ಆಮ್ಲಜನಕ ಮುಗಿದಾಗ ಹುಳು ಸಾಯುತ್ತದೆ. ಬರಿಯ ಗೋಣಿಚೀಲ ಹುಳುವನ್ನು ತಡೆಯದು.

ಪ್ರಶ್ನೆ: ಬ್ಯಾಂಕಿನವರು ಪ್ರತಿ ಕ್ರೇಟಿಗೂ ಚೀಟಿ ಕೇಳುತ್ತಾರೆ. ಏನು ಬರೆಯಬೇಕು?

ಉತ್ತರ: ಬೆಳೆ, ತೂಕ, ಬೆಳೆದವರ ಹೆಸರು ಅಥವಾ ಸಂಖ್ಯೆ, ಮಡಿ, ಕಿತ್ತ ದಿನ ಮತ್ತು ಹೊತ್ತು, ಕೊನೆಯ ಸಿಂಪರಣೆಯ ದಿನ, ಔಷಧದ ಹೆಸರು. ಔಷಧದ ಲೇಬಲ್ಲಿನ ಮೇಲೆ ಸಿಂಪಡಿಸಿ ಇಷ್ಟು ದಿನ ಕೀಳಬಾರದು ಎಂದು ಇರುತ್ತದೆ. ಅಷ್ಟು ದಿನ ಕಳೆಯದ ಮಡಿಯನ್ನು ಮುಟ್ಟಬೇಡಿ. ಹಸಿ ಸಗಣಿ ಗೊಬ್ಬರ ಹಾಕಿದ್ದರೆ, ಮಣ್ಣಿಗೆ ತಾಗುವ ಬೆಳೆಗೆ 120 ದಿನ, ತಾಗದ ಬೆಳೆಗೆ 90 ದಿನ ಬಿಟ್ಟು ಕೀಳುವುದು ಅಮೆರಿಕದ ಸಾವಯವ ನಿಯಮ. ಬೇರೆಡೆಯೂ ಅದನ್ನು ಪಾಲಿಸಬಹುದು. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ನೀರು ತಾಗಿದರೂ ಅಳಿಸದು. ಒಂದು ಪ್ರತಿ ನಿಮ್ಮಲ್ಲಿರಲಿ: ಯಾವುದೋ ಒಂದು ಕ್ರೇಟಿನ ಬಗ್ಗೆ ದೂರು ಬಂದರೆ ಆ ಮಡಿಯೊಂದನ್ನೇ ನಿಲ್ಲಿಸಿ ಉಳಿದದ್ದನ್ನು ಕಳಿಸಬಹುದು.