ಓದುಗರ ಪ್ರಶ್ನೆ: ನೆರೆಯ ಲೆಕ್ಕದಲ್ಲಿ ನೀರಿನ ಆಳ ಸೊನ್ನೆಗಿಂತ ಕೆಳಗಿಳಿಯುವುದೇಕೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗಾಜನೂರು ಅಣೆಕಟ್ಟೆಯಿಂದ ಕೂಡ್ಲಿಯವರೆಗೆ ತುಂಗಾ ನದಿಯಲ್ಲಿ ನೆರೆ ಇಳಿದು ಬರುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಪ್ರಾಜೆಕ್ಟ್. ಫೈನೈಟ್ ವಾಲ್ಯೂಮ್ ವಿಧಾನದ ಒಂದನೇ ಆರ್ಡರ್ (ಲೆಕ್ಕದ ಕೋಶಗಳನ್ನು ಸಣ್ಣದು ಮಾಡಿದಂತೆ ದೋಷ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆಯೇ ಆರ್ಡರ್) ಪ್ರೋಗ್ರಾಂ ತೊಂದರೆಯಿಲ್ಲದೆ ಓಡುತ್ತದೆ, ಆದರೆ ಕಡಿದಾಗಿರಬೇಕಾದ ನೆರೆಯ ಮುಂಭಾಗ ಹರಡಿಕೊಂಡು ಕಾಣುತ್ತದೆ. ಎರಡನೇ ಆರ್ಡರಿಗೆ ಏರಿಸಿದ ಕೂಡಲೇ ಅಲ್ಲೇ ಏರಿಳಿತಗಳು ಹುಟ್ಟುತ್ತವೆ, ನೀರಿನ ಆಳ ಮೈನಸ್ ಆಗಿ ಪ್ರೋಗ್ರಾಂ ನಿಂತುಬಿಡುತ್ತದೆ. ಆರ್ಡರ್ ಹೆಚ್ಚಿದರೆ ನಿಖರತೆಯೂ ಹೆಚ್ಚಬೇಕಲ್ಲವೇ?

ಉತ್ತರ: ಹರಿವು ನಯವಾಗಿರುವಲ್ಲಿ ಖಂಡಿತ ಹೆಚ್ಚುತ್ತದೆ. ನೀರಿನ ಮಟ್ಟ ಥಟ್ಟನೆ ಜಿಗಿಯುವಲ್ಲಿ ಹೆಚ್ಚುವುದಿಲ್ಲ, ಹೆಚ್ಚಿಸಲು ಹೋದರೆ ನಿಮಗಾದದ್ದೇ ಆಗುತ್ತದೆ. ರಷ್ಯದ ಗಣಿತಜ್ಞ ಗೊಡುನೊವ್ 1959ರಲ್ಲೇ ಇದಕ್ಕೊಂದು ಪ್ರಮೇಯ ಕೊಟ್ಟಿದ್ದಾರೆ: ಇಲ್ಲದ ಏರಿಳಿತಗಳನ್ನು ತಾನಾಗಿ ಹುಟ್ಟಿಸದ ಯಾವುದೇ ರೇಖೀಯ ವಿಧಾನ (ನೀರಿನ ಸ್ಥಿತಿ ಏನೇ ಇದ್ದರೂ ಒಂದೇ ಸೂತ್ರ ಬಳಸುವ ವಿಧಾನ) ಒಂದನೇ ಆರ್ಡರನ್ನು ಮೀರಲಾರದು. ಹೀಗಾಗಿ ನಿಮ್ಮ ಕೋಡಿನಲ್ಲಿ ಬರೆಯುವ ತಪ್ಪೇ ಇಲ್ಲದಿದ್ದರೂ ಈ ತೊಂದರೆ ಬಂದೇ ಬರುತ್ತದೆ.

ಅದು ಹುಟ್ಟುವ ಜಾಗವನ್ನು ಕೈಲೆಕ್ಕದಲ್ಲೇ ನೋಡಬಹುದು. ಈ ವಿಧಾನದಲ್ಲಿ ನದಿಯನ್ನು ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸಿ, ಪ್ರತಿ ಕೋಶದಲ್ಲಿ ನೀರಿನ ಸರಾಸರಿ ಆಳವನ್ನೂ ಸರಾಸರಿ ಸಂವೇಗವನ್ನೂ ಮಾತ್ರ ಇಟ್ಟುಕೊಳ್ಳುತ್ತೇವೆ. ಐದು ಕೋಶಗಳ ಆಳ ಕ್ರಮವಾಗಿ 8, 8, 7, 1, 1 ಮೀಟರ್ ಎಂದುಕೊಳ್ಳಿ. ಎರಡನೇ ಆರ್ಡರಿಗಾಗಿ ಪ್ರತಿ ಕೋಶದೊಳಗೆ ಒಂದು ಓರೆಗೆರೆ ಎಳೆಯಬೇಕು. ಅದರ ಓಟವನ್ನು, ಅಂದರೆ ಇಳಿಜಾರನ್ನು, ಅಕ್ಕಪಕ್ಕದ ಎರಡು ಕೋಶಗಳ ವ್ಯತ್ಯಾಸದ ಅರ್ಧ ಎಂದು ಹಿಡಿದರೆ, 7 ಮೀಟರಿನ ಕೋಶದಲ್ಲಿ ಓಟ ಮೈನಸ್ 3.5 ಆಗಿ, ಎಡ ಅಂಚಿನಲ್ಲಿ ಆಳ 8.75ಕ್ಕೆ ಏರುತ್ತದೆ, ಸುತ್ತಮುತ್ತ ಎಲ್ಲೂ ಇಲ್ಲದ ಎತ್ತರ ಅದು. ಅದರ ಬಲಕ್ಕಿರುವ 1 ಮೀಟರಿನ ಕೋಶದಲ್ಲಿ ಓಟ ಮೈನಸ್ 3, ಬಲ ಅಂಚಿನ ಆಳ ಮೈನಸ್ 0.5. ಅಲೆಯ ವೇಗಕ್ಕೆ ಗುರುತ್ವ ಮತ್ತು ಆಳದ ಗುಣಲಬ್ಧದ ವರ್ಗಮೂಲ ಬೇಕು. ಮೈನಸ್ ಸಂಖ್ಯೆಯ ವರ್ಗಮೂಲ ಕೇಳಿದರೆ ಪ್ರೋಗ್ರಾಂ ನಿಲ್ಲದೆ ಇನ್ನೇನು ಮಾಡೀತು?

ಪರಿಹಾರಕ್ಕೆ ಲಿಮಿಟರ್ ಎನ್ನುತ್ತಾರೆ. ಬ್ರಾಮ್ ವಾನ್ ಲೀರ್ 1970ರ ದಶಕದಲ್ಲಿ ಬೆಳೆಸಿದ ಈ ದಾರಿಗೆ ಹಾರ್ಟನ್ 1983ರಲ್ಲಿ ಗಟ್ಟಿಯಾದ ಗಣಿತದ ತಳಹದಿ ಹಾಕಿದರು. ಅತ್ಯಂತ ಸರಳವಾದ ಮಿನ್‌ಮಾಡ್ ಲಿಮಿಟರ್ ಎಡದ ವ್ಯತ್ಯಾಸ, ಬಲದ ವ್ಯತ್ಯಾಸ ಎರಡನ್ನೂ ನೋಡಿ, ಚಿಹ್ನೆ ಒಂದೇ ಇದ್ದರೆ (ಚಿಹ್ನೆ ಬಿಟ್ಟು ನೋಡಿದಾಗ) ಚಿಕ್ಕದನ್ನು ಆರಿಸುತ್ತದೆ, ಬೇರೆಯಾಗಿದ್ದರೆ ಅಥವಾ ಒಂದು ಸೊನ್ನೆಯಾಗಿದ್ದರೆ ಓಟವನ್ನೇ ಸೊನ್ನೆ ಮಾಡುತ್ತದೆ. ನಮ್ಮ 7ರ ಕೋಶದಲ್ಲಿ ವ್ಯತ್ಯಾಸಗಳು ಮೈನಸ್ 1 ಮತ್ತು ಮೈನಸ್ 6. ಆಯ್ಕೆ ಮೈನಸ್ 1, ಅಂಚುಗಳು 7.5 ಮತ್ತು 6.5. ಪಕ್ಕದ 1ರ ಕೋಶದಲ್ಲಿ ಓಟ ಸೊನ್ನೆ. ಸರಾಸರಿಗಳು ಕದಲಿಲ್ಲ, ಮೈನಸ್ ಆಳವೂ ಇಲ್ಲ. ಓಟದ ಆಯ್ಕೆ ನೀರಿನ ಸ್ಥಿತಿಯನ್ನೇ ಅವಲಂಬಿಸಿರುವುದರಿಂದ ವಿಧಾನ ರೇಖೀಯವಾಗಿ ಉಳಿಯುವುದಿಲ್ಲ, ಗೊಡುನೊವರ ಪ್ರಮೇಯ ಅದನ್ನು ಕಟ್ಟಿಹಾಕುವುದೂ ಇಲ್ಲ.

ಮೈನಸ್ ಬಂದಲ್ಲೆಲ್ಲ ಸೊನ್ನೆ ತುಂಬಿ ಮುಂದೆ ಹೋಗುವ ಅಡ್ಡದಾರಿಯನ್ನು ಮಾತ್ರ ಹಿಡಿಯಬೇಡಿ. ಅಡಿಕೆ ಮಂಡಿಯ ಲೆಕ್ಕದಲ್ಲಿ ಒಬ್ಬರ ಖಾತೆಗೆ ಖರ್ಚು ಬಿದ್ದದ್ದು ಇನ್ನೊಬ್ಬರ ಖಾತೆಗೆ ಜಮಾ ಆಗಲೇಬೇಕಾದ ಹಾಗೆ, ಒಂದು ಕೋಶದ ಅಂಚಿನಿಂದ ಹೊರಟ ನೀರು ಪಕ್ಕದ ಕೋಶಕ್ಕೆ ಹನಿಯೂ ವ್ಯತ್ಯಾಸವಿಲ್ಲದೆ ಸೇರಬೇಕು. ಫೈನೈಟ್ ವಾಲ್ಯೂಮ್ ವಿಧಾನದ ಜೀವಾಳವೇ ಅದು. ಮೈನಸ್ ಜಾಗಕ್ಕೆ ಸೊನ್ನೆ ತುಂಬಿದರೆ ಇಲ್ಲದ ನೀರು ಹುಟ್ಟಿ ಈ ಜಮಾಖರ್ಚು ತಪ್ಪುತ್ತದೆ. ಹೀಗೆ ಸಂರಕ್ಷಣೆಯನ್ನು ಬಿಟ್ಟುಕೊಟ್ಟ ಲೆಕ್ಕದಲ್ಲಿ, ಕೋಶಗಳನ್ನು ಎಷ್ಟು ಸಣ್ಣದು ಮಾಡಿದರೂ ನೆರೆಯ ಮುಂಭಾಗ ತಪ್ಪು ವೇಗದಲ್ಲೇ ಓಡಬಹುದು. ನೋಡಲು ಚಿತ್ರ ಚೆನ್ನಾಗಿಯೇ ಇರುತ್ತದೆ, ಅಪಾಯ ಇರುವುದು ಅಲ್ಲೇ.

ಮಿನ್‌ಮಾಡಿಗೂ ಒಂದು ದೋಷವಿದೆ. ನೆರೆಯ ನಯವಾದ ನೆತ್ತಿಯಲ್ಲೂ ಎಡಬಲದ ಚಿಹ್ನೆಗಳು ಬೇರೆಬೇರೆಯಾಗಿರುವುದರಿಂದ ಅಲ್ಲಿಯೂ ಓಟವನ್ನು ಸೊನ್ನೆ ಮಾಡಿ, ಗರಿಷ್ಠ ಮಟ್ಟವನ್ನು ಕೊಂಚ ಕೊಂಚವೇ ತಗ್ಗಿಸುತ್ತ ಹೋಗುತ್ತದೆ. ನದಿ ದಂಡೆಯ ಊರಿಗೆ ಬೇಕಾದದ್ದು ಆ ಗರಿಷ್ಠ ಮಟ್ಟವೇ ತಾನೆ! ಇದನ್ನು ಸರಿಪಡಿಸಲು 1987ರಲ್ಲಿ ಈನೋ, 1994ರಲ್ಲಿ ವೀನೋ ಎಂಬ ವಿಧಾನಗಳು ಬಂದವು. ಜಿಯಾಂಗ್ ಮತ್ತು ಶು 1996ರಲ್ಲಿ ಕೊಟ್ಟ ಐದನೇ ಆರ್ಡರ್ ವೀನೋದಲ್ಲಿ ಮೂರು ಮೂರು ಕೋಶಗಳ ಮೂರು ಗುಂಪುಗಳಿಂದ ಮೂರು ಅಂದಾಜು ತೆಗೆದು, ಹರಿವು ನಯವಾಗಿದ್ದರೆ 0.1, 0.6, 0.3ರ ತೂಕದಲ್ಲಿ ಬೆರೆಸುತ್ತಾರೆ. ಯಾವ ಗುಂಪಿನೊಳಗೆ ಜಿಗಿತವಿದೆಯೋ ಅದರ ತೂಕ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಆದರೂ ನಿಮ್ಮ ಪ್ರಾಜೆಕ್ಟಿಗೆ ಎರಡನೇ ಆರ್ಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ನದಿಯ ತಳದ ಅಳತೆ ಅಲ್ಲೊಂದು ಇಲ್ಲೊಂದು ಅಡ್ಡಸೀಳಿಕೆಯಲ್ಲಿ ಮಾತ್ರ ಸಿಕ್ಕಿರುವಾಗ ಐದನೇ ಆರ್ಡರಿನ ಲಾಭ ಆ ಅಳತೆಯ ದೋಷದಲ್ಲೇ ಮುಳುಗಿಹೋಗುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಬಂಡೆಗಳ ಹೊಳೆಪಾತ್ರವನ್ನು ಪ್ರೋಗ್ರಾಮಿಗೆ ಕೊಟ್ಟರೆ, ನಿಂತ ನೀರು ತಾನಾಗಿ ಹರಿಯಲು ಶುರುಮಾಡುತ್ತದೆ. ಏಕೆ?

ಉತ್ತರ: ಒಂದು ಕೋಶದಲ್ಲಿ ತಳ 0, ಆಳ 5 ಮೀಟರ್, ಪಕ್ಕದ ಕೋಶದಲ್ಲಿ ಬಂಡೆ ಎದ್ದು ತಳ 2, ಆಳ 3 ಮೀಟರ್ ಇರಲಿ. ಎರಡರಲ್ಲೂ ನೀರಿನ ಮಟ್ಟ 5, ಹರಿಯಲು ಕಾರಣವೇ ಇಲ್ಲ. ಆದರೆ ಅಂಚಿನ ಲೆಕ್ಕಕ್ಕೆ ಕಾಣುವುದು 5 ಮತ್ತು 3 ಎಂಬ ಆಳಗಳಷ್ಟೇ. ಅದು ಇಲ್ಲದ ಜಲಪಾತವನ್ನು ಕಲ್ಪಿಸಿಕೊಳ್ಳುತ್ತದೆ. ಔಡೂಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಉಪಾಯದಂತೆ, ಅಂಚಿನಲ್ಲಿ ಎರಡು ತಳಗಳ ಪೈಕಿ ಎತ್ತರದ್ದನ್ನು, ಅಂದರೆ 2ನ್ನು, ಇಬ್ಬದಿಗೂ ಹಿಡಿದು ಆಳವನ್ನು ಮತ್ತೆ ಲೆಕ್ಕ ಹಾಕಿ. ಎರಡೂ ಕಡೆ 3 ಬರುತ್ತದೆ. ಎಡ ಕೋಶದಲ್ಲಿ 5ರ ಬದಲು 3 ಹಿಡಿದದ್ದರಿಂದ ಕಡಿಮೆಯಾದ ಒತ್ತಡವನ್ನು ಆ ಕೋಶಕ್ಕೇ ಮರಳಿ ಸೇರಿಸಿದರೆ ನೀರು ಕದಲದೆ ನಿಲ್ಲುತ್ತದೆ. ಎರಡನೇ ಆರ್ಡರಿನಲ್ಲಿ ಲಿಮಿಟರನ್ನು ಆಳಕ್ಕೆ ಮಾತ್ರವಲ್ಲದೆ ನೀರಿನ ಮಟ್ಟಕ್ಕೂ ಹಾಕಿ, ತಳವನ್ನು ಅವೆರಡರ ವ್ಯತ್ಯಾಸವಾಗಿ ಪಡೆಯಬೇಕು.

ಪ್ರಶ್ನೆ: ಪ್ರೋಗ್ರಾಂ ಕೊಟ್ಟ ಉತ್ತರ ಸರಿಯೋ ಅಲ್ಲವೋ ಎಂದು ಪರೀಕ್ಷಿಸಲು ಕೈಲೆಕ್ಕದ ಉದಾಹರಣೆ ಇದೆಯೇ? — ಸಾಗರದ ಉಪನ್ಯಾಸಕರೊಬ್ಬರು

ಉತ್ತರ: ಇದೆ. ಸಮತಟ್ಟಾದ, ಒಣಗಿದ, ಘರ್ಷಣೆಯಿಲ್ಲದ ತಳದ ಮೇಲೆ ಕಟ್ಟೆ ಒಮ್ಮೆಲೇ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ರಿಟರ್ 1892ರಲ್ಲಿ ಪೂರ್ಣ ಉತ್ತರ ಕೊಟ್ಟಿದ್ದಾರೆ. ಕಟ್ಟೆಯ ಹಿಂದೆ 10 ಮೀಟರ್ ನೀರಿದ್ದರೆ ಅಲೆಯ ವೇಗ ಸೆಕೆಂಡಿಗೆ 9.9 ಮೀಟರ್. ನೀರಿನ ತುದಿ ಅದರ ಇಮ್ಮಡಿ ವೇಗದಲ್ಲಿ, 19.8 ಮೀಟರಿನಂತೆ, ಮುಂದೋಡುತ್ತದೆ. ಕಟ್ಟೆಯಿದ್ದ ಜಾಗದಲ್ಲಿ ಆಳ ಮೂಲದ ಒಂಬತ್ತರಲ್ಲಿ ನಾಲ್ಕು ಪಾಲು, ಅಂದರೆ ಸುಮಾರು 4.44 ಮೀಟರಿನಲ್ಲಿ, ಸ್ಥಿರವಾಗಿ ನಿಲ್ಲುತ್ತದೆ. ಮರಗಿಡ, ಬಂಡೆಗಳಿರುವ ಮಲೆನಾಡಿನ ಕಣಿವೆಯಲ್ಲಿ ನಿಜವಾದ ತುದಿ ಇದಕ್ಕಿಂತ ನಿಧಾನ. ಹಾಗಾಗಿ ಈ ಸಂಖ್ಯೆಗಳು ಪ್ರೋಗ್ರಾಂ ಪರೀಕ್ಷೆಗೆ ಮಾತ್ರ.

ಆರ್ಡರನ್ನು ಅಳೆಯಲು ಈ ಉದಾಹರಣೆ ಬೇಡ, ಇದರಲ್ಲಿ ನೀರಿನ ಮೇಲ್ಮೈ ಮುರಿದ ಗೆರೆಯಂತಿರುತ್ತದೆ. ಅದಕ್ಕೆ ಜಿಗಿತ, ಮುರಿತ ಎರಡೂ ಇಲ್ಲದ ನಯವಾದ ಅಲೆಯೊಂದನ್ನು ಆರಿಸಿ, ಕೋಶದ ಅಗಲವನ್ನು ಅರ್ಧ ಮಾಡುತ್ತ ಹೋಗಿ: ಒಟ್ಟು ದೋಷ ಒಂದನೇ ಆರ್ಡರಿನಲ್ಲಿ ಅರ್ಧಕ್ಕೆ, ಎರಡನೆಯದರಲ್ಲಿ ನಾಲ್ಕನೇ ಒಂದಕ್ಕೆ, ಐದನೆಯದರಲ್ಲಿ 32ನೇ ಒಂದಕ್ಕೆ ಇಳಿಯಬೇಕು. ಐದನೆಯದರಲ್ಲಿ ಅಷ್ಟು ಇಳಿಯದಿದ್ದರೆ ಮೊದಲು ಕಾಲದ ಹೆಜ್ಜೆಯನ್ನು ಅನುಮಾನಿಸಿ. ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸಾಗಲು ವೀನೋ ಜೊತೆ ಸಾಮಾನ್ಯವಾಗಿ ಬಳಸುವ ರುಂಗೆ–ಕುಟ್ಟ ವಿಧಾನ ಮೂರನೇ ಆರ್ಡರಿನದು. ಕಾಲದ ಹೆಜ್ಜೆಯನ್ನು ಕೋಶದ ಅಗಲಕ್ಕಿಂತ ವೇಗವಾಗಿ ಕುಗ್ಗಿಸದಿದ್ದರೆ ದೋಷ ಎಂಟನೇ ಒಂದರ ಲೆಕ್ಕದಲ್ಲೇ ಇಳಿಯತೊಡಗುತ್ತದೆ.